ಮಿಕ್ಸು ಪಾತೆಲೈನೆನ್ ಅಷ್ಟು ಕೆಟ್ಟ ಮ್ಯಾನೇಜರ್ರಾ?

ಎಡಗಾಲು:
ಫಿನ್‌ಲೆಂಡ್ ತಂಡದ ಬಗ್ಗೆ ಮಾತು ಬಂದಾಗೆಲ್ಲ ಯಾರಾದರೂ ಒಬ್ಬರು ‘ಆ ಮಿಕ್ಸು ಕಾಲದ ತಂಡ ನೋಡಬೇಕಿತ್ತು, ದೇವರೇ ಗತಿ’ ಅಂತ ಬರೆಯುತ್ತಾರೆ. ಮಿಕ್ಸು ಅಂದರೆ 2011ರಿಂದ 2015ರವರೆಗೆ ಫಿನ್‌ಲೆಂಡ್ ಫುಟ್‌ಬಾಲ್ ತಂಡದ ಕೋಚ್ ಆಗಿದ್ದವರು. ಅದಕ್ಕೇ ಈ ಚರ್ಚೆ. ಮೊದಲೇ ಹೇಳಿಬಿಡುತ್ತೇನೆ, ನಾನು ಅವರ ಪರ. ಬೈಯುವವರು ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ.

ಮಿಕ್ಸು ಹುಟ್ಟಿದ್ದು 1967ರಲ್ಲಿ, ಹೆಲ್ಸಿಂಕಿಯಲ್ಲಿ. ಮನೆಮಂದಿಗೆಲ್ಲ ಫುಟ್‌ಬಾಲ್ ಹುಚ್ಚು. ಅಪ್ಪ ಮತ್ತಿ ಪಾತೆಲೈನೆನ್ ದೇಶಕ್ಕಾಗಿ ಆಡಿದವರು. ತಮ್ಮಂದಿರಾದ ಮಾರ್ಕುಸ್, ಮಿಕ್ಕೊ ಇಬ್ಬರೂ ಆಟಗಾರರೇ. ವಾಲ್ಕೆಯಾಕೊಸ್ಕಿ ಅಂತ ಪೇಪರ್ ಮಿಲ್ಲಿನ ಊರು, ಅಲ್ಲಿನ ಹಾಕಾ ಕ್ಲಬ್ಬಿನಿಂದ 1987ರಲ್ಲಿ ಸ್ಕಾಟ್ಲೆಂಡಿನ ಡಂಡೀ ಯುನೈಟೆಡ್‌ಗೆ ಬಂದರು. ಆಗ ಅಲ್ಲಿ ಜಿಮ್ ಮೆಕ್ಲೀನ್ ಮ್ಯಾನೇಜರ್. ಸಿಟ್ಟಿಗೆ ಹೆಸರಾದ ಮನುಷ್ಯ, ಆದರೆ ಸಣ್ಣ ಕ್ಲಬ್ಬನ್ನು ಯುರೋಪಿನ ಫೈನಲ್‌ವರೆಗೆ ತಂದಿದ್ದರು. ಮಿಕ್ಸು ಇದ್ದ ಕಾಲದಲ್ಲಿ ಆ ಕ್ಲಬ್ 1988, 1991 ಎರಡು ಸಲ ಸ್ಕಾಟಿಷ್ ಕಪ್ ಫೈನಲ್ ತಲುಪಿತು. ಎರಡೂ ಸೋತಿತು. 1992ರಲ್ಲಿ ಇವರು ಅಬರ್ಡೀನ್‌ಗೆ ಹೋದರು, 1994ರಲ್ಲಿ ಡಂಡೀ ಯುನೈಟೆಡ್ ಕಪ್ ಗೆದ್ದಿತು! ಅದೃಷ್ಟ ಅಂದರೆ ಹೀಗಿರಬೇಕು.

ಆಮೇಲೆ ಇಂಗ್ಲೆಂಡಿನ ಬೋಲ್ಟನ್. ಪ್ರೀಮಿಯರ್ ಲೀಗಿಗೆ ಏರಲು ಆಡಿದ 1995ರ ಪ್ಲೇಆಫ್ ಫೈನಲ್ ಯೂಟ್ಯೂಬಿನಲ್ಲಿ ಸಿಕ್ಕರೆ ಬಿಡಬೇಡಿ. ವೆಂಬ್ಲಿಯಲ್ಲಿ ರೆಡಿಂಗ್ 2-0 ಮುಂದಿದೆ, ಮೇಲಿಂದ ಪೆನಾಲ್ಟಿ ಬೇರೆ ಸಿಕ್ಕಿದೆ. ಅದು ತಪ್ಪುತ್ತದೆ. ಬೋಲ್ಟನ್ ಕೊನೆಯ ಕಾಲು ಗಂಟೆಯಲ್ಲಿ ಎರಡು ಗೋಲು ಹೊಡೆದು ಸಮ ಮಾಡುತ್ತದೆ. ಹೆಚ್ಚುವರಿ ಸಮಯದಲ್ಲಿ ಮೂರನೆಯದು ಮಿಕ್ಸು ಅವರದು. ಕೊನೆಗೆ 4-3. ಹಾಗೆ ಪ್ರೀಮಿಯರ್ ಲೀಗ್ ಆಡಿದ ಮೊದಲ ಫಿನ್ ಆಟಗಾರ ಅನ್ನಿಸಿಕೊಂಡರು. ಫಿನ್‌ಲೆಂಡಿನ ದೊಡ್ಡ ಹೆಸರುಗಳಾದ ಲಿಟ್ಮನೆನ್, ಹೂಪಿಯಾ ಇಬ್ಬರೂ ಅಲ್ಲಿಗೆ ಬಂದಿದ್ದು ಆಮೇಲೆ.

ಆಟಗಾರನಾಗಿ ಯಾರೂ ಜಗಳಕ್ಕೆ ಬರಲ್ಲ ಅಂದುಕೊಂಡಿದ್ದೇನೆ. ದೇಶಕ್ಕೆ 70 ಪಂದ್ಯ, 18 ಗೋಲು. ಜಗಳ ಇರುವುದು ಮ್ಯಾನೇಜರ್ ಆದ ಮೇಲಿನ ಬದುಕಿನ ಬಗ್ಗೆ. ಅದನ್ನು ಮುಂದಿನ ಪೋಸ್ಟಿನಲ್ಲಿ ಬರೆಯುತ್ತೇನೆ, ಕೆಲಸಕ್ಕೆ ಹೊತ್ತಾಯಿತು.

ಗ್ಯಾಲರಿ ಗಲಾಟೆ:
ಎಡಿನ್‌ಬರದ ಹಿಬರ್ನಿಯನ್ (ಹಿಬ್ಸ್) ಕ್ಲಬ್ಬನ್ನೇ ಬಿಟ್ಟುಬಿಟ್ರಲ್ಲ ಗುರು! 2000ದ ಅಕ್ಟೋಬರ್ 22. ಎಡಿನ್‌ಬರ ಡರ್ಬಿ, ಅದೇ ಊರಿನ ಹಾರ್ಟ್ಸ್ ವಿರುದ್ಧ 6-2, ಮಿಕ್ಸು ಹ್ಯಾಟ್ರಿಕ್. ಹಿಬ್ಸ್ ಅಭಿಮಾನಿಗಳಿಗೆ ಈ ಮನುಷ್ಯ ಆಮೇಲೆ ಏನೇ ಮಾಡಿದರೂ ಮಾಫಿ. ಆ ಹೊತ್ತಿಗೆ ಅವರಿಗೆ 33 ವರ್ಷ, ವೇಗ ಯಾವತ್ತೂ ಜಾಸ್ತಿ ಇರಲಿಲ್ಲ, ಆದರೂ ಬಾಕ್ಸಿನೊಳಗೆ ನಿಂತರೆ ಅಲುಗಾಡಿಸಲು ಆಗುತ್ತಿರಲಿಲ್ಲ.

ಹೊಸಬ:
ಇಂಥ ಹೆಸರೇ ಕೇಳಿರಲಿಲ್ಲ. ಹೂಪಿಯಾ ಗೊತ್ತು, ಲಿವರ್‌ಪೂಲ್. ಅವರೂ ಮ್ಯಾನೇಜರ್ ಆಗಿದ್ದರು ಅಲ್ವಾ?

ಲೆಕ್ಕದ ಪುಸ್ತಕ:
ಆಗಿದ್ದರು. ಜರ್ಮನಿಯ ಲೆವರ್‌ಕೂಸೆನ್‌ನಲ್ಲಿ ಶುರು ಚೆನ್ನಾಗಿತ್ತು, 2012-13ರಲ್ಲಿ ಸಾಷಾ ಲೆವಾಂಡೊವ್‌ಸ್ಕಿ ಜೊತೆ ಸೇರಿ ಬುಂಡೆಸ್‌ಲೀಗಾದಲ್ಲಿ ಮೂರನೇ ಸ್ಥಾನ. ಮುಂದಿನ ವರ್ಷ ಒಬ್ಬರೇ ನಿಂತರು, ಏಪ್ರಿಲ್ ಹೊತ್ತಿಗೆ ಕೆಲಸ ಹೋಯಿತು. ಬ್ರೈಟನ್‌ನಲ್ಲಿ ಅದೇ ವರ್ಷ ಡಿಸೆಂಬರಿನಲ್ಲಿ ರಾಜೀನಾಮೆ. ಜೂರಿಚ್‌ನಲ್ಲೂ ಒಂದು ಸೀಸನ್ ಮುಗಿಯಲಿಲ್ಲ. ಅವರ ವಿಷಯ ಸಾಕು, ಇದು ಮಿಕ್ಸು ಚರ್ಚೆ. ನಾನು ವಿರೋಧ ಪಕ್ಷದಲ್ಲಿ ಕೂತಿದ್ದೇನೆ. ಎಡಗಾಲು ಅವರೇ, ಎರಡನೇ ಕಂತು ಬರಲಿ.

ಎಡಗಾಲು:
ಬಂತು ನೋಡಿ.

ಮೊದಲ ದೊಡ್ಡ ಹೆಸರು ಕೌಡನ್‌ಬೀತ್‌ನಲ್ಲಿ. ಫೈಫ್ ಕಡೆಯ ಹಳೆಯ ಕಲ್ಲಿದ್ದಲು ಗಣಿ ಊರು. ಮೈದಾನದ ಸುತ್ತ ಸ್ಟಾಕ್ ಕಾರ್ ಓಡಿಸುವ ಟ್ರ್ಯಾಕ್ ಇದೆ, ಪ್ರೇಕ್ಷಕರಿಗೂ ಆಟಕ್ಕೂ ನಡುವೆ ಟೈರುಗಳು. ಅಡ್ಡಹೆಸರು ‘ಬ್ಲೂ ಬ್ರೆಜಿಲ್’. ಹೆಸರಿಟ್ಟವರಿಗೆ ಒಳ್ಳೆ ತಮಾಷೆ ಬುದ್ಧಿ. ಅಂಥ ಕ್ಲಬ್ಬನ್ನು 2005-06ರಲ್ಲಿ ಸ್ಕಾಟಿಷ್ ಥರ್ಡ್ ಡಿವಿಷನ್ ಚಾಂಪಿಯನ್ ಮಾಡಿದರು. ಅದಕ್ಕೆ ಮುಂಚೆ ಆ ಕ್ಲಬ್ ಲೀಗ್ ಪಟ್ಟ ಗೆದ್ದಿದ್ದು 1939ರಲ್ಲಿ! ದುಡ್ಡಿರಲಿಲ್ಲ, ತಮ್ಮಂದಿರಿಬ್ಬರನ್ನೂ ಕರೆತಂದು ಆಡಿಸಿದರು.

ಅಲ್ಲಿಂದ ಟುರ್ಕು ನಗರದ ಟಿಪಿಎಸ್, 2007ರಲ್ಲಿ ಫಿನ್‌ಲೆಂಡ್ ಲೀಗಿನಲ್ಲಿ ಮೂರನೇ ಸ್ಥಾನ. 2008ರ ಜನವರಿಯಲ್ಲಿ ಹಿಬ್ಸ್ ಕರೆಯಿತು. ಅಲ್ಲಿ ಎರಡು ಸೀಸನ್ನೂ ಆರನೇ ಸ್ಥಾನ. ಆಟ ನೋಡಲು ಬೋರು ಅಂತ ಜನ ಗೊಣಗಿದರು, 2009ರಲ್ಲಿ ಬಿಟ್ಟರು. ಅದನ್ನು ಸಮರ್ಥಿಸಲು ಹೋಗಲ್ಲ.

ಆದರೆ ಕಿಲ್ಮಾರ್ನಾಕ್! 2010ರ ಮೇ ತಿಂಗಳಲ್ಲಿ ಆ ಕ್ಲಬ್ ಕೊನೆಯ ದಿನ ಫಾಲ್ಕಿರ್ಕ್ ಜೊತೆ 0-0 ಮಾಡಿಕೊಂಡು ಕೆಳಗಿನ ಡಿವಿಷನ್‌ಗೆ ಬೀಳದೆ ಬಚಾವಾಗಿತ್ತು. ಆ ಬೇಸಿಗೆಯಲ್ಲಿ ಮಿಕ್ಸು ಬಂದರು. ಖಾರ್ಕಿವ್‌ನ ಮೆಟಲಿಸ್ಟ್ ಕ್ಲಬ್ಬಿನಿಂದ ಅಲೆಕ್ಸೆಯ್ ಎರೆಮೆಂಕೊನನ್ನು ಸಾಲದ ಮೇಲೆ ತಂದರು. ಓಡುವುದು ಕಡಿಮೆ, ಪಾಸ್ ಕೊಟ್ಟರೆ ನೋಡುತ್ತಾ ಕೂರಬೇಕು ಅನ್ನುವ ಆಟಗಾರ. ಅವನ ಸುತ್ತ ತಂಡ ಕಟ್ಟಿದರು. ಚೆಂಡನ್ನು ನೆಲದ ಮೇಲೆ ಆಡುವ ಕಿಲ್ಮಾರ್ನಾಕ್ ಅಂದರೆ ಆಗ ಯಾರೂ ನಂಬುತ್ತಿರಲಿಲ್ಲ. ಬೀಳುವ ಅಂಚಿನಲ್ಲಿದ್ದ ತಂಡ ಐದನೇ ಸ್ಥಾನಕ್ಕೆ ಹೋಯಿತು. ಮಾರ್ಚ್ ಕೊನೆಯಲ್ಲಿ ಫಿನ್‌ಲೆಂಡ್ ಕೋಚ್ ಕೆಲಸಕ್ಕೆ ಮಿಕ್ಸು ಹೊರಟುಹೋದರು, ಸೀಸನ್ ಮುಗಿಸಿದ್ದು ಕೆನ್ನಿ ಶೀಲ್ಸ್. ಹೀಗಿದ್ದೂ ಆ ವರ್ಷದ ಲೀಗಿನ ಅತ್ಯುತ್ತಮ ಮ್ಯಾನೇಜರ್ ಪ್ರಶಸ್ತಿ ಮಿಕ್ಸು ಅವರಿಗೇ. ಸೆಲ್ಟಿಕ್, ರೇಂಜರ್ಸ್ ಇರುವ ಲೀಗಿನಲ್ಲಿ ಇದು ಸುಮ್ನೆ ಸಿಗುವುದಲ್ಲ.

ಲೆಕ್ಕದ ಪುಸ್ತಕ:
ಕಿಲ್ಮಾರ್ನಾಕ್ ಬಗ್ಗೆ ನನ್ನ ತಕರಾರು ಇಲ್ಲ. ಫಿನ್‌ಲೆಂಡಿಗೆ ಬನ್ನಿ. 2011ರ ಜೂನ್, ಸ್ವೀಡನ್ ವಿರುದ್ಧ 5-0 ಸೋಲು, ಇಬ್ರಾಹಿಮೋವಿಚ್ ಹ್ಯಾಟ್ರಿಕ್. 2014ರ ವಿಶ್ವಕಪ್ ಅರ್ಹತೆ: ಎಂಟು ಪಂದ್ಯಕ್ಕೆ ಒಂಬತ್ತು ಅಂಕ. ಯುರೋ 2016 (ಯುರೋಪ್ ದೇಶಗಳ ಟೂರ್ನಿ) ಅರ್ಹತೆ: ಆರು ಪಂದ್ಯಕ್ಕೆ ನಾಲ್ಕು ಅಂಕ, ಗೆದ್ದಿದ್ದು ಫಾರೋ ದ್ವೀಪಗಳ ವಿರುದ್ಧ ಮಾತ್ರ. 2015ರ ಜೂನ್ 13ಕ್ಕೆ ಹಂಗೇರಿಗೆ 1-0 ಸೋತರು, ಮರುದಿನ ಮನೆಗೆ ಕಳಿಸಿದರು.

ಈಗ ನನ್ನ ಮುಖ್ಯ ಮಾತು. ಉಳಿದ ನಾಲ್ಕು ಪಂದ್ಯಕ್ಕೆ ಹಂಗಾಮಿಯಾಗಿ ನಿಂತವರು ಅವರ ಸಹಾಯಕ ಮಾರ್ಕ್ಕು ಕನೆರ್ವ. ಗ್ರೀಸ್‌ಗೆ ಹೋಗಿ 1-0 ಗೆಲುವು, ಫಾರೋ ವಿರುದ್ಧ 1-0, ರೊಮೇನಿಯಾ 1-1, ಉತ್ತರ ಐರ್ಲೆಂಡ್ 1-1. ನಾಲ್ಕು ಪಂದ್ಯ, ಎಂಟು ಅಂಕ, ಒಂದೂ ಸೋಲಿಲ್ಲ. ಹೆಚ್ಚು ಕಡಿಮೆ ಅದೇ ಆಟಗಾರರು, ಅದೇ ಡ್ರೆಸಿಂಗ್ ರೂಮು, ಬದಲಾಗಿದ್ದು ಬೆಂಚಿನ ಮುಂದೆ ನಿಂತ ಮನುಷ್ಯ ಒಬ್ಬರೇ. ಇದಕ್ಕಿಂತ ಸಾಕ್ಷಿ ಬೇಕಾ?

ಗ್ಯಾಲರಿ ಗಲಾಟೆ:
ಏಟು ಜೋರಾಗಿ ಬಿತ್ತು 😄

ಎಡಗಾಲು:
ಇರಿ ಇರಿ. ಆ ಒಂಬತ್ತು ಅಂಕದಲ್ಲಿ ಒಂದು ಅಂಕ ಎಲ್ಲಿಂದ ಬಂತು ಅಂತ ಹೇಳಲಿಲ್ಲ. 2013ರ ಮಾರ್ಚ್ 22, ಹಿಹೋನ್. ಎದುರಿಗೆ ಸ್ಪೇನ್, ಹಾಲಿ ವಿಶ್ವ ಚಾಂಪಿಯನ್, ಹಾಲಿ ಯುರೋಪ್ ಚಾಂಪಿಯನ್. ರಾಮೋಸ್ ಹೆಡರ್‌ನಿಂದ 1-0. 79ನೇ ನಿಮಿಷಕ್ಕೆ ಫಿನ್‌ಲೆಂಡಿನ ಪುಕ್ಕಿ ಸಮ ಮಾಡಿದ. ಆ ಗುಂಪಿನಲ್ಲಿ ಸ್ಪೇನ್ ಜೊತೆ ಫ್ರಾನ್ಸೂ ಇತ್ತು. ಅವೆರಡರ ಹಿಂದೆ ಮೂರನೇ ಸ್ಥಾನ ಬಂದರೆ ಅದು ಅವಮಾನ ಹೇಗಾಗುತ್ತೆ?

ಎಸ್ಪೊ ಕನ್ನಡಿಗ:
ಫಿನ್‌ಲೆಂಡಿನಲ್ಲೇ ಇರುವವನು, ಐಟಿ ಕೆಲಸ. ಇಲ್ಲಿನ ಗಾಳಿ ಹೇಗಿದೆ ಅಂತ ಸ್ವಲ್ಪ ಹೇಳುತ್ತೇನೆ.

ಇಲ್ಲಿ ಮೊದಲ ಆಟ ಐಸ್ ಹಾಕಿ. ಆಫೀಸಿನಲ್ಲಿ ಬೆಳಿಗ್ಗೆ ಕಾಫಿ ಹೊತ್ತಿಗೆ ಜನ ಮಾತಾಡುವುದು ಅದನ್ನೇ. ಫುಟ್‌ಬಾಲ್ ಆಡುವ ಮಕ್ಕಳೇನೋ ಬಹಳ, ಆದರೆ ದೇಶದ ತಂಡ ಅಂದರೆ ‘ಕೊನೆ ನಿಮಿಷದಲ್ಲಿ ಸೋಲುವವರು’ ಅನ್ನುವ ಮಾತು ಇತ್ತು. ಸುಮ್ನೆ ಬಂದ ಮಾತಲ್ಲ. 1997ರಲ್ಲಿ ಹಂಗೇರಿ ವಿರುದ್ಧ ಹೆಲ್ಸಿಂಕಿಯಲ್ಲಿ 1-0 ಮುಂದಿದ್ದರು, ಗೆದ್ದರೆ ವಿಶ್ವಕಪ್ ಪ್ಲೇಆಫ್. 90 ನಿಮಿಷ ದಾಟಿದ ಮೇಲೆ ಚೆಂಡು ತಮ್ಮವರಿಗೇ ತಾಗಿ, ಗೋಲ್‌ಕೀಪರ್‌ಗೆ ಬಡಿದು ಒಳಗೆ ಹೋಯಿತು. 2007ರಲ್ಲಿ ರಾಯ್ ಹಾಡ್ಜ್‌ಸನ್ ಕೋಚ್ ಆಗಿದ್ದಾಗ ಪೋರ್ಚುಗಲ್‌ನಲ್ಲಿ ಗೆಲ್ಲಲೇಬೇಕಿತ್ತು, 0-0. ಲಿಟ್ಮನೆನ್, ಹೂಪಿಯಾ ಇದ್ದ ಕಾಲದಲ್ಲೇ ಆಗದ ಕೆಲಸ. ಅವರಿಬ್ಬರೂ ಮುಗಿಸುವ ಹೊತ್ತಿಗೆ ಸರಿಯಾಗಿ ಮಿಕ್ಸು ಬಂದರು. ಹಳಬರು ಹೊರಟಿದ್ದರು, ಹೊಸಬರು ಇನ್ನೂ ತಯಾರಾಗಿರಲಿಲ್ಲ. ಪುಕ್ಕಿ ಆಗಿನ್ನೂ ಹೆಲ್ಸಿಂಕಿಯ ಎಚ್‌ಜೆಕೆ ಕ್ಲಬ್ಬಿನಲ್ಲಿ ಆಡುತ್ತಿದ್ದ ಹುಡುಗ.

ಹಾಗಂತ ಇಲ್ಲಿ ಮಿಕ್ಸು ಮೇಲೆ ಪ್ರೀತಿ ಏನೂ ಉಕ್ಕಿ ಹರಿಯಲ್ಲ. ಸೋತಿದ್ದಕ್ಕಿಂತ ತಂಡ ಏನು ಆಡಲು ಹೊರಟಿದೆ ಅಂತ ತಿಳಿಯುತ್ತಿರಲಿಲ್ಲ ಅನ್ನುವ ಕೋಪ ಜಾಸ್ತಿ.

ಮಲೆನಾಡ ಮಿಡ್‌ಫೀಲ್ಡರ್:
ಎಸ್ಪೊದವರು ಹೇಳಿದ ಕೊನೆಯ ಸಾಲು ಮುಖ್ಯ. ನಾನು ಹುಡುಗರಿಗೆ ಕೋಚಿಂಗ್ ಮಾಡುವವಳು, ಜಿಲ್ಲಾ ಮಟ್ಟದಲ್ಲಿ. ಹಾಗಾಗಿ ಬೇರೆ ಕಡೆಯಿಂದ ನೋಡುತ್ತೇನೆ.

ಕ್ಲಬ್ಬಿನಲ್ಲಿ ಮ್ಯಾನೇಜರ್‌ಗೆ ಆಟಗಾರರು ದಿನವೂ ಸಿಗುತ್ತಾರೆ. ಚೆಂಡನ್ನು ಹಿಂದಿನಿಂದ ಕಟ್ಟಿಕೊಂಡು ಹೋಗುವ ಆಟ ಕಲಿಸಬೇಕಾದರೆ ತಿಂಗಳುಗಟ್ಟಲೆ ಅದನ್ನೇ ಮಾಡಿಸಬೇಕು. ಯಾರು ಎಲ್ಲಿಗೆ ಓಡುತ್ತಾರೆ ಅಂತ ನೋಡದೆ ಗೊತ್ತಾಗಬೇಕು. ಕಿಲ್ಮಾರ್ನಾಕ್‌ನಲ್ಲಿ ಮಿಕ್ಸು ಅದನ್ನೇ ಮಾಡಿದ್ದು. ದೇಶದ ತಂಡದಲ್ಲಿ ವರ್ಷಕ್ಕೆ ಹತ್ತು ಹನ್ನೆರಡು ಪಂದ್ಯ, ಪ್ರತಿ ಸಲ ನಾಲ್ಕೈದು ದಿನ ಅಭ್ಯಾಸ. ಅದರಲ್ಲಿ ಒಂದು ದಿನ ಪ್ರಯಾಣದ ಸುಸ್ತು. ಅಷ್ಟರಲ್ಲಿ ಕಲಿಸಲು ಆಗುವುದು ರಕ್ಷಣೆಯ ಸಾಲು, ಕಾರ್ನರ್, ಫ್ರೀಕಿಕ್. ಕ್ಲಬ್ಬಿನ ತಲೆ ಇಟ್ಟುಕೊಂಡು ದೇಶದ ತಂಡ ನಡೆಸಿದರೆ ಎರಡೂ ಅರ್ಧಂಬರ್ಧ ಆಗುತ್ತೆ. ಮಿಕ್ಸು ಸೋತಿದ್ದು ಅಲ್ಲಿ ಅನ್ನಿಸುತ್ತೆ ನನಗೆ.

ಕನೆರ್ವ ಲೆಕ್ಕ ಬೇರೆ. ಅವರು ಓದಿದ್ದೇ ಶಾಲಾ ಮೇಷ್ಟ್ರ ಕೆಲಸಕ್ಕೆ, ಮಕ್ಕಳಿಗೆ ಪಾಠ ಮಾಡಿದವರು. ಆಟಗಾರನಾಗಿ ಡಿಫೆಂಡರ್, ದೇಶಕ್ಕೆ 59 ಪಂದ್ಯ, ಮಿಕ್ಸು ಅವರಷ್ಟು ಹೆಸರಿಲ್ಲ. 2004ರಿಂದ 21 ವರ್ಷದೊಳಗಿನವರ ತಂಡದ ಕೋಚ್. 2009ರಲ್ಲಿ ಆ ತಂಡವನ್ನು ಯುರೋ ಟೂರ್ನಿಗೆ ಕರೆದುಕೊಂಡು ಹೋದರು. ಅಲ್ಲಿ ಇಂಗ್ಲೆಂಡ್, ಜರ್ಮನಿ, ಸ್ಪೇನ್ ಮೂರೂ ಸೋಲಿಸಿದವು, ಆದರೆ ಅಲ್ಲಿಗೆ ಹೋಗಿದ್ದೇ ಮೊದಲ ಸಲ. ಆ ತಂಡದ ನಾಯಕ ಟಿಮ್ ಸ್ಪಾರ್ವ್. ಹನ್ನೆರಡು ವರ್ಷದ ಮೇಲೆ ದೊಡ್ಡವರ ಯುರೋದಲ್ಲೂ ನಾಯಕ ಸ್ಪಾರ್ವ್ ಅವರೇ! ಆ ಹುಡುಗರಿಗೆ ಯಾವ ಮಾತು ಹೇಳಿದರೆ ನಾಟುತ್ತೆ, ಯಾರಿಗೆ ಬೈದರೆ ಕುಗ್ಗುತ್ತಾರೆ ಅಂತ ಕನೆರ್ವ ಅವರಿಗೆ ಮೊದಲೇ ಗೊತ್ತಿತ್ತು. ಹೊರಗಿಂದ ಬಂದವರಿಗೆ ಅದು ಗೊತ್ತಾಗಲು ಎರಡು ವರ್ಷ ಬೇಕು.

ಹಾಗಾಗಿ ಲೆಕ್ಕದ ಪುಸ್ತಕ ಸಾರ್, ‘ಬದಲಾಗಿದ್ದು ಮನುಷ್ಯ ಒಬ್ಬರೇ’ ಅಂದಿರಲ್ಲ, ಆ ಮನುಷ್ಯ ಹತ್ತು ವರ್ಷದಿಂದ ಅಲ್ಲೇ ಇದ್ದವರು. ನಾಲ್ಕು ಪಂದ್ಯದಲ್ಲಿ ಆದ ಮಾಯೆ ಅಲ್ಲ ಅದು.

ಲೆಕ್ಕದ ಪುಸ್ತಕ:
ಮೇಡಂ, ಒಳ್ಳೆ ಮಾತು. ಆದರೆ ಅದೇ ಮನುಷ್ಯ ಮಿಕ್ಸು ಪಕ್ಕದಲ್ಲೇ ನಾಲ್ಕು ವರ್ಷ ಕೂತಿದ್ದರಲ್ಲ? ಅವರಿಗೆ ಗೊತ್ತಿದ್ದನ್ನು ಬಳಸಿಕೊಳ್ಳುವುದು ಮುಖ್ಯ ಕೋಚ್ ಕೆಲಸ ಅಲ್ವಾ?

ಮಲೆನಾಡ ಮಿಡ್‌ಫೀಲ್ಡರ್:
ಅದಕ್ಕೆ ನನ್ನ ಬಳಿ ಉತ್ತರ ಇಲ್ಲ 🙂

ಹೊಸಬ:
ಕನೆರ್ವ ಆಗಲೇ ಖಾಯಂ ಆದರಾ?

ಎಸ್ಪೊ ಕನ್ನಡಿಗ:
ಅದೇ ತಮಾಷೆ. ಅಷ್ಟು ಚೆನ್ನಾಗಿ ಮಾಡಿದವರಿಗೆ ಕೆಲಸ ಕೊಡಲಿಲ್ಲ. ಹಾನ್ಸ್ ಬಾಕೆ ಅಂತ ಸ್ವೀಡನ್‌ನವರನ್ನು ತಂದರು. 2016ರಲ್ಲಿ ತಂಡ ಒಂದೂ ಪಂದ್ಯ ಗೆಲ್ಲಲಿಲ್ಲ. ಒಂದೂ ಇಲ್ಲ. ವರ್ಷದ ಕೊನೆಗೆ ಬಾಕೆ ಔಟ್, ಆಗ ಕನೆರ್ವ ಖಾಯಂ.

ಆಮೇಲಿನದು ಇಲ್ಲಿ ಎಲ್ಲರಿಗೂ ಬಾಯಿಪಾಠ. 2018ರಲ್ಲಿ ಯುರೋಪಿನ ದೇಶಗಳು ಆಡುವ ನೇಷನ್ಸ್ ಲೀಗಿನಲ್ಲಿ ಮೊದಲ ನಾಲ್ಕೂ ಪಂದ್ಯ ಗೆದ್ದರು, ಒಂದೂ ಗೋಲು ಬಿಟ್ಟುಕೊಡದೆ. ಯುರೋ 2020 ಅರ್ಹತೆಯಲ್ಲಿ ಇಟಲಿ ಹಿಂದೆ ಎರಡನೇ ಸ್ಥಾನ, ಹತ್ತು ಪಂದ್ಯದಲ್ಲಿ ಆರು ಗೆಲುವು, ಪುಕ್ಕಿ ಒಬ್ಬನದೇ 10 ಗೋಲು. 2019ರ ನವೆಂಬರ್ 15ರಂದು ಲಿಕ್ಟನ್‌ಸ್ಟೈನ್ ವಿರುದ್ಧ 3-0. ಒಲಿಂಪಿಕ್ ಸ್ಟೇಡಿಯಂ ರಿಪೇರಿಯಲ್ಲಿತ್ತು, ಹಾಗಾಗಿ ಪಕ್ಕದ ಸಣ್ಣ ಮೈದಾನದಲ್ಲಿ ಆಟ, ಹತ್ತು ಸಾವಿರ ಚಿಲ್ಲರೆ ಜನ. ಸೀಟಿ ಊದಿದ ತಕ್ಷಣ ಎಲ್ಲ ಮೈದಾನಕ್ಕೆ ನುಗ್ಗಿದರು. ಫಿನ್‌ಲೆಂಡಿನ ಗಂಡಸರ ತಂಡ ದೊಡ್ಡ ಟೂರ್ನಿಗೆ ಹೋಗಿದ್ದು ಅದೇ ಮೊದಲು. ಇಲ್ಲಿಯವರು ಲಿಫ್ಟಿನಲ್ಲಿ ಸಿಕ್ಕರೂ ಮಾತಾಡದ ಜನ. ಆವತ್ತು ಗುರುತಿಲ್ಲದವರು ತಬ್ಬಿಕೊಂಡರು.

ಗ್ಯಾಲರಿ ಗಲಾಟೆ:
ಆ ಯುರೋದಲ್ಲಿ ಡೆನ್ಮಾರ್ಕ್ ವಿರುದ್ಧದ ಕೊಪೆನ್‌ಹೇಗನ್ ಪಂದ್ಯ ನಾವೆಲ್ಲ ನೋಡಿದ್ದೇವೆ. 2021ರ ಜೂನ್ 12. ಡೆನ್ಮಾರ್ಕಿನ ಕ್ರಿಸ್ಟಿಯನ್ ಎರಿಕ್ಸನ್ ಆಟದ ನಡುವೆ ಕುಸಿದುಬಿದ್ದ ದಿನ. ಫಿನ್‌ಲೆಂಡ್ ಅಭಿಮಾನಿಗಳು ‘ಕ್ರಿಸ್ಟಿಯನ್’ ಅಂತ ಕೂಗುವುದು, ಡೆನ್ಮಾರ್ಕಿನವರು ‘ಎರಿಕ್ಸನ್’ ಅಂತ ಕೂಗುವುದು. ಈಗಲೂ ಆ ವಿಡಿಯೋ ಬಂದರೆ ಗಂಟಲು ಕಟ್ಟುತ್ತೆ. ಆಟ ಮತ್ತೆ ಶುರುವಾದ ಮೇಲೆ ಪೊಹ್ಯಾನ್‌ಪಾಲೊ ಹೆಡರ್, ಗೋಲ್‌ಕೀಪರ್ ಹ್ರಾದೆಟ್ಸ್ಕಿ ಪೆನಾಲ್ಟಿ ಹಿಡಿದಿದ್ದು, 1-0. ಗೋಲು ಹೊಡೆದವನು ಸಂಭ್ರಮ ಬೇಡ ಅಂತ ಕೈ ತೋರಿಸಿದ್ದ. ಆಮೇಲೆ ರಷ್ಯಾ, ಬೆಲ್ಜಿಯಂ ಎರಡಕ್ಕೂ ಸೋತು ಮನೆಗೆ.

ಇನ್ನೊಂದು. ಆ ಯುರೋ ತಂಡದಲ್ಲಿದ್ದ ಯೋನಿ ಕೌಕೊ ಟೂರ್ನಿ ಮುಗಿದ ಮೇಲೆ ಸೀದಾ ಎಟಿಕೆ ಮೋಹನ್ ಬಗಾನ್ ಸೇರಿದ, ಗೊತ್ತಲ್ಲ? ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನೋಡುವ ಬಿಎಫ್‌ಸಿ (ಬೆಂಗಳೂರು ಎಫ್‌ಸಿ) ಜನಕ್ಕೆ ಕನೆರ್ವ ಅವರ ಶಿಷ್ಯ ಒಬ್ಬ ಪರಿಚಯ ಇದ್ದ ಹಾಗಾಯಿತು.

ಎಡಗಾಲು:
ಚರ್ಚೆ ಮಿಕ್ಸು ಬಿಟ್ಟು ಕನೆರ್ವ ಅಭಿಮಾನಿ ಸಂಘ ಆಗಿಬಿಟ್ಟಿತು. ಇರಲಿ. ಆದರೆ ಕನೆರ್ವ ಕೊನೆ ಹೇಗಾಯಿತು ಅಂತ ಯಾರೂ ಹೇಳುತ್ತಿಲ್ಲವಲ್ಲ? 2024ರ ಮಾರ್ಚ್‌ನಲ್ಲಿ ಯುರೋ ಪ್ಲೇಆಫ್, ಕಾರ್ಡಿಫ್‌ನಲ್ಲಿ ವೇಲ್ಸ್ ವಿರುದ್ಧ 4-1 ಸೋಲು. ಆ ವರ್ಷದ ನೇಷನ್ಸ್ ಲೀಗಿನಲ್ಲಿ ಇಂಗ್ಲೆಂಡ್, ಗ್ರೀಸ್, ಐರ್ಲೆಂಡ್ ಗುಂಪು, ಆರಕ್ಕೆ ಆರೂ ಸೋಲು. ಒಪ್ಪಂದ ಮುಗಿಯಿತು, ಡೆನ್ಮಾರ್ಕಿನ ಯಾಕೊಬ್ ಫ್ರೀಸ್ ಬಂದರು. ಮಿಕ್ಸು ಕೂಡ ಆರಕ್ಕೆ ಆರು ಸೋತಿರಲಿಲ್ಲ! ಅದನ್ನು ಕನೆರ್ವ ಕೆಟ್ಟ ಕೋಚ್ ಅನ್ನಲು ಹೇಳುತ್ತಿಲ್ಲ. ಪುಕ್ಕಿಗೆ ವಯಸ್ಸಾಯಿತು, ಸ್ಪಾರ್ವ್ ಬಿಟ್ಟಾಯಿತು. ಆಟಗಾರರು ಹೋದರೆ ಮೇಷ್ಟ್ರ ಪಾಠವೂ ನಡೆಯಲ್ಲ ಅಂತ ಅಷ್ಟೇ. ಆ ಮಾತನ್ನು ಕನೆರ್ವ ಅವರಿಗೆ ಒಪ್ಪುತ್ತೀರಿ, ಮಿಕ್ಸು ಅವರಿಗೆ ಯಾಕೆ ಒಪ್ಪಲ್ಲ?

ಲೆಕ್ಕದ ಪುಸ್ತಕ:
ಯಾಕೆಂದರೆ ಮಿಕ್ಸು ಅವರದು ಫಿನ್‌ಲೆಂಡ್ ಒಂದೇ ಅಲ್ಲ. ಡಂಡೀ ಯುನೈಟೆಡ್ ಬಗ್ಗೆ ನೀವು ಬರೆಯಲೇ ಇಲ್ಲ, ನಾನು ಕಾಯುತ್ತಿದ್ದೆ. 2015ರ ಅಕ್ಟೋಬರಿನಲ್ಲಿ ತಾನು ಆಡಿ ಬೆಳೆದ ಕ್ಲಬ್ಬಿಗೆ ಮ್ಯಾನೇಜರ್ ಆಗಿ ಬಂದರು. 2016ರ ಮೇ 2ರಂದು ಆ ಕ್ಲಬ್ ಕೆಳಗಿನ ಡಿವಿಷನ್‌ಗೆ ಬಿತ್ತು. ಎಲ್ಲಿ ಬಿತ್ತು? ಡೆನ್ಸ್ ಪಾರ್ಕಿನಲ್ಲಿ, ಅದೇ ಊರಿನ ಎದುರಾಳಿ ಕ್ಲಬ್ ಡಂಡೀ ವಿರುದ್ಧ 2-1 ಸೋತು. ಎರಡು ಮೈದಾನವೂ ಒಂದೇ ರಸ್ತೆಯಲ್ಲಿವೆ. ನಡೆದುಕೊಂಡು ಹೋಗಿ ಸೋತು ನಡೆದುಕೊಂಡು ಬಂದ ಹಾಗೆ. ಎರಡು ದಿನಕ್ಕೆ ಕೆಲಸ ಹೋಯಿತು.

ಎಡಗಾಲು:
ಅವರು ಬರುವ ಮುಂಚೆ ಆ ಕ್ಲಬ್ ಏನೇನು ಮಾರಿತ್ತು ನೋಡಿ. ಆಂಡಿ ರಾಬರ್ಟ್‌ಸನ್ ಹಲ್‌ಗೆ (ಆಮೇಲೆ ಲಿವರ್‌ಪೂಲ್‌ನಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದವನು ಅವನೇ), ರಯಾನ್ ಗಾಲ್ಡ್ ಪೋರ್ಚುಗಲ್‌ಗೆ. ಸ್ಟುವರ್ಟ್ ಆರ್ಮ್‌ಸ್ಟ್ರಾಂಗ್, ಮೆಕೈ-ಸ್ಟೀವನ್, ಚಿಫ್ಚಿ ಮೂವರೂ ಸೆಲ್ಟಿಕ್‌ಗೆ. ಒಂದೂವರೆ ವರ್ಷದಲ್ಲಿ ತಂಡದ ಬೆನ್ನೆಲುಬನ್ನೇ ಮಾರಿದ ಮೇಲೆ, ಕೊನೆಯ ಸ್ಥಾನದಲ್ಲಿರುವ ತಂಡವನ್ನು ಕೈಗೆ ಕೊಟ್ಟರು. ಜೊತೆಗೆ ಆ ವರ್ಷ ಸ್ಕಾಟಿಷ್ ಕಪ್ ಸೆಮಿಫೈನಲ್‌ವರೆಗೂ ಹೋದರು. ಪೆನಾಲ್ಟಿಯಲ್ಲಿ ಸೋತಿದ್ದು ಯಾರಿಗೆ ಗೊತ್ತಾ? ಹಿಬ್ಸ್‌ಗೆ!

ಗ್ಯಾಲರಿ ಗಲಾಟೆ:
ಆ ಹಿಬ್ಸ್ ಫೈನಲ್ ಗೆದ್ದು 114 ವರ್ಷದ ಮೇಲೆ ಕಪ್ ಎತ್ತಿತು. ಮಿಕ್ಸು ಬಿಟ್ಟುಹೋದ ಕಡೆಯೆಲ್ಲ ಕಪ್ ಬರುತ್ತೆ ಮಾರಾಯ್ರೆ 😂

ಹೊಸಬ:
ಆಮೇಲೆ ಎಲ್ಲಿಗೆ ಹೋದರು?

ಎಡಗಾಲು:
ಥಾಯ್ಲೆಂಡಿನಲ್ಲಿ ಒಂದು ಕ್ಲಬ್, 2018ರಲ್ಲಿ ಲಾಟ್ವಿಯಾ ದೇಶದ ತಂಡ, ಅಲ್ಲಿ ಬಾಲ್ಟಿಕ್ ಕಪ್ ಗೆದ್ದರು. 2019ರಿಂದ 2021ರವರೆಗೆ ಹಾಂಗ್‌ಕಾಂಗ್. ವಿಶ್ವಕಪ್ ಅರ್ಹತೆಯಲ್ಲಿ ಇರಾನ್, ಇರಾಕ್, ಬಹ್ರೇನ್ ಇದ್ದ ಗುಂಪು. ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ.

ಲೆಕ್ಕದ ಪುಸ್ತಕ:
ಡಂಡೀ ಯುನೈಟೆಡ್‌ಗೆ ವಾಪಸ್ ಬರುತ್ತೇನೆ, ಬಿಡಲ್ಲ. ಮಾರಿದ್ದು ಅವರಲ್ಲ, ಒಪ್ಪಿದೆ. ಆದರೆ ಜನವರಿಯಲ್ಲಿ ತಂದವರು ಯಾರು? ಸಿನಾಮಾ-ಪೊಂಗೊಲ್, ಒಂದು ಕಾಲದಲ್ಲಿ ಲಿವರ್‌ಪೂಲ್‌ನಲ್ಲಿದ್ದವನು. ಗೀ ದೆಮೆಲ್, ವೆಸ್ಟ್ ಹ್ಯಾಮ್‌ನಲ್ಲಿದ್ದವನು. ಗೋಲ್‌ಕೀಪರ್ ಕವಾಶಿಮಾ, ಜಪಾನ್ ಪರ ವಿಶ್ವಕಪ್ ಆಡಿದವನು. ಮೂವರೂ ಮೂವತ್ತು ದಾಟಿದವರು, ಹೆಸರು ದೊಡ್ಡದು. ಕೆಳಗೆ ಬೀಳುವ ತಂಡಕ್ಕೆ ಬೇಕಿದ್ದು ಆ ಲೀಗಿನ ಕೆಸರು ಗೊತ್ತಿರುವ ಇಪ್ಪತ್ತೈದರ ಹುಡುಗರು. ಕೌಡನ್‌ಬೀತ್‌ನಲ್ಲಿ ಕಾಸಿಲ್ಲದೆ ತಂಡ ಕಟ್ಟಿದ ಮನುಷ್ಯನಿಗೆ ಇದು ಗೊತ್ತಿರಲಿಲ್ಲವಾ?

ಮಲೆನಾಡ ಮಿಡ್‌ಫೀಲ್ಡರ್:
ಜನವರಿಯಲ್ಲಿ ಯಾವ ಕ್ಲಬ್ ತನ್ನ ಒಳ್ಳೆ ಇಪ್ಪತ್ತೈದರ ಹುಡುಗನನ್ನು ಕೊನೆ ಸ್ಥಾನದ ತಂಡಕ್ಕೆ ಕೊಡುತ್ತೆ ಸಾರ್? ಆ ತಿಂಗಳಲ್ಲಿ ಸಿಗುವುದು ಕೆಲಸ ಇಲ್ಲದವರು, ವಯಸ್ಸಾದವರು.

ಲೆಕ್ಕದ ಪುಸ್ತಕ:
ಎರೆಮೆಂಕೊ ಸಿಕ್ಕಿದ್ದನಲ್ಲ ಮೇಡಂ ಕಿಲ್ಮಾರ್ನಾಕ್‌ಗೆ.

ಎಡಗಾಲು:
ಬೇಸಿಗೆಯಲ್ಲಿ ಸಿಕ್ಕಿದ್ದು, ಸೀಸನ್ ಶುರುವಿನ ಹೊತ್ತಿಗೆ. ತಂಡವನ್ನು ಅವನ ಸುತ್ತ ಜೋಡಿಸಲು ಮುಂದೆ ಇಡೀ ವರ್ಷ ಇತ್ತು. ಡಂಡೀ ಯುನೈಟೆಡ್‌ಗೆ ಅವರು ಬಂದಿದ್ದು ಅಕ್ಟೋಬರ್.

ಲೆಕ್ಕದ ಪುಸ್ತಕ:
ಹಿಬ್ಸ್‌ನಲ್ಲೂ ಒಂದು ಬೇಸಿಗೆ ಸಿಕ್ಕಿತ್ತಲ್ಲ, ಅಲ್ಲಿ ಯಾಕೆ ಆಗಲಿಲ್ಲ? ಎಡಗಾಲು ಅವರೇ, ಅದನ್ನೇ ‘ಸಮರ್ಥಿಸಲು ಹೋಗಲ್ಲ’ ಅಂತ ಒಂದು ಸಾಲಿನಲ್ಲಿ ದಾಟಿಬಿಟ್ಟಿರಿ.

ಗ್ಯಾಲರಿ ಗಲಾಟೆ:
ಹಿಬ್ಸ್ ವಿಷಯ ನನ್ನ ಇಲಾಖೆ, ರಾತ್ರಿ ಊಟ ಆದ ಮೇಲೆ ಬರೆಯುತ್ತೇನೆ. 2008ರಲ್ಲಿ ಯುರೋಪಿನ ಇಂಟರ್‌ಟೊಟೊ ಕಪ್ಪಿನಲ್ಲಿ ಸ್ವೀಡನ್ನಿನ ಎಲ್ಫ್ಸ್‌ಬೋರಿ ವಿರುದ್ಧ ಆಡಿದ್ದರಿಂದ ಶುರು ಮಾಡಬೇಕು ಅದನ್ನ.